ಬಾಣಂತನ ಯಾರ ಮನೆಯಲ್ಲಿ, ಎದೆಹಾಲು ಎಷ್ಟು ತಿಂಗಳು: ಮನೆ ನೋಡಿ ಸಲಹೆ ಹೇಗೆ ಬದಲಿಸಬೇಕು?

ತಾಯಿಕಾರ್ಡ್_ಬೇಗೂರು:

ಎಲ್ಲರಿಗೂ ನಮಸ್ಕಾರ. ಆಗಸ್ಟ್ 1ರಿಂದ 7ರವರೆಗಿನ ಸ್ತನ್ಯಪಾನ ಸಪ್ತಾಹಕ್ಕೆ ಬೇಗೂರು, ಬೊಮ್ಮನಹಳ್ಳಿ ಕಡೆಯ ಆಶಾ ಮತ್ತು ಅಂಗನವಾಡಿ ಕಾರ್ಯಕರ್ತೆಯರಿಗೆ ಅರ್ಧ ದಿನದ ತರಬೇತಿ ತಯಾರಾಗುತ್ತಿದೆ. ಅವರು ಹೋಗುವ ಮನೆಗಳು ನಾಲ್ಕು ಥರ. ಗಾರ್ಮೆಂಟ್ಸ್‌ಗೆ ಹೋಗುವವರ ವಠಾರ, ರಾಯಚೂರು–ಕಲಬುರಗಿ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದವರ ಶೆಡ್, ಊರೊಳಗಿನ ಹಳೇ ಕೂಡುಕುಟುಂಬ, ಅಪಾರ್ಟ್‌ಮೆಂಟಿನ ಐಟಿ ದಂಪತಿ. ಆದರೆ ಗೋಡೆಗೆ ಅಂಟಿಸುವ ಚಾರ್ಟ್ ಒಂದೇ: ಒಂದು ಗಂಟೆಯೊಳಗೆ ಮೊದಲ ಹಾಲು, ಆರು ತಿಂಗಳು ಎದೆಹಾಲು ಮಾತ್ರ, ಎರಡು ವರ್ಷ ಅಥವಾ ಅದಕ್ಕೂ ಮುಂದೆ ಮುಂದುವರಿಸಿ. ಈ ಮೂರು ಸಾಲು ಎಲ್ಲ ತಾಯಂದಿರಿಗೂ ಬಾಯಿಪಾಠ. ಆದರೂ ನಾಲ್ಕನೇ ತಿಂಗಳಿಗೆ ಹೋಗಿ ನೋಡಿದರೆ ಒಂದು ಮನೆಯಲ್ಲಿ ನೀರು ಬೆರೆಸಿದ ಹಸುವಿನ ಹಾಲು, ಇನ್ನೊಂದರಲ್ಲಿ ಡಬ್ಬಿ ಹಾಲು, ಮತ್ತೊಂದರಲ್ಲಿ ಟೀಗೆ ಅದ್ದಿದ ಬಿಸ್ಕತ್ತು.

ಯಾವ ಮನೆಯಲ್ಲಿ ಎಲ್ಲಿ ತಪ್ಪುತ್ತದೆ, ಅಲ್ಲಿ ಏನು ಮಾಡಿದರೆ ನಡೆಯುತ್ತದೆ? "ಅರಿವು ಮೂಡಿಸಿ" ಅನ್ನುವ ಉತ್ತರ ಮಾತ್ರ ಬೇಡ, ದಯವಿಟ್ಟು.


ಸಬ್ಬಸಿಗೆಸೊಪ್ಪು:

ಬಡವರು, ಓದದವರು ಎದೆಹಾಲು ಸರಿಯಾಗಿ ಕೊಡುವುದಿಲ್ಲ ಅಂದುಕೊಂಡೇ ಎಷ್ಟೋ ತರಬೇತಿ ಶುರುವಾಗುತ್ತವೆ. ಆ ಊಹೆಯನ್ನು ಮೊದಲ ಹತ್ತು ನಿಮಿಷದಲ್ಲೇ ಮುರಿಯಿರಿ. ಶ್ರೀಮಂತ ದೇಶಗಳಲ್ಲಿ ಓದಿದ, ಅನುಕೂಲಸ್ಥ ಹೆಂಗಸರು ಹೆಚ್ಚು ಕಾಲ ಹಾಲೂಡಿಸುತ್ತಾರೆ. ಬಡ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ ಇದು ತಿರುಗುಮುರುಗು: ಬಡ ಮನೆಯ ಮಗು ಹೆಚ್ಚು ತಿಂಗಳು ಕುಡಿಯುತ್ತದೆ, ಕೈಯಲ್ಲಿ ದುಡ್ಡಿರುವ ಮನೆಯಲ್ಲಿ ಡಬ್ಬಿ ಬೇಗ ಬರುತ್ತದೆ. ಬೆಂಗಳೂರಲ್ಲಿ ಇವೆರಡೂ ಒಂದೇ ರಸ್ತೆಯ ಎರಡು ಬದಿಯಲ್ಲಿವೆ, ಅಷ್ಟೇ.

ಇನ್ನೊಂದು ಲೆಕ್ಕ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ 88.6 ಹೆರಿಗೆ ಆಸ್ಪತ್ರೆಯಲ್ಲೇ ಆಗಿದೆ, ಆದರೆ ಮೊದಲ ಗಂಟೆಯೊಳಗೆ ಎದೆಗೆ ಹಾಕಿದ್ದು ಶೇ 41.8 ಮಕ್ಕಳನ್ನು ಮಾತ್ರ. ಆರು ತಿಂಗಳ ಒಳಗಿನವರಲ್ಲಿ ಬರೀ ಎದೆಹಾಲು ಕುಡಿಯುತ್ತಿದ್ದವರು ಶೇ 63.7. ಮೊದಲ ಗಂಟೆ ತಪ್ಪಿದ್ದನ್ನು ಅಜ್ಜಿಯ ತಲೆಗೆ ಕಟ್ಟಲು ಆಗಲ್ಲ. ಆ ಹೊತ್ತಿಗೆ ಅಜ್ಜಿ ವಾರ್ಡಿನ ಬಾಗಿಲ ಹೊರಗಿರುತ್ತಾಳೆ.

ಕೂಡುಕುಟುಂಬದ ವಿಷಯ. ಹಾಲಿನ ತೀರ್ಮಾನ ಮಾಡುವವರು ತಾಯಿಯಲ್ಲ, ಮಗು ಅತ್ತಾಗ ಎತ್ತಿಕೊಂಡವರು. "ಹಾಲು ಸಾಲ್ತಿಲ್ಲ ಕಣೆ" ಅನ್ನುವ ಮಾತು ಅವರ ಬಾಯಿಂದಲೇ ಬರುವುದು. ಅದು ಬಂದ ದಿನದಿಂದ ಸುತ್ತು ಶುರು: ಒಂದು ಹೊತ್ತು ಮೇಲು ಹಾಲು (ಹಸುವಿನದ್ದೋ ಡಬ್ಬಿಯದ್ದೋ), ಆ ಹೊತ್ತು ಮಗು ಎದೆ ಚೀಪುವುದಿಲ್ಲ, ಚೀಪದಿದ್ದರೆ ಹಾಲು ಉತ್ಪತ್ತಿ ಇಳಿಯುತ್ತದೆ, ಮಾರನೇ ವಾರ ಮಾತು ನಿಜವಾಗಿಬಿಡುತ್ತದೆ.

ಇದು ಯಾವಾಗ ಆಗುತ್ತದೆ ಅಂತ ನೋಡಿ. ಚೊಚ್ಚಲ ಬಾಣಂತನ ತವರಲ್ಲಿ. ಮೂರಕ್ಕೋ ಐದಕ್ಕೋ ಮಗಳನ್ನು ಗಂಡನ ಮನೆಗೆ ಕಳಿಸುತ್ತಾರೆ. ಸರಿಯಾಗಿ ಅದೇ ವಯಸ್ಸಿನಲ್ಲಿ ಮಗು ಹೊರಗಿನ ಸದ್ದಿಗೆ ತಿರುಗಿ ನೋಡಲು ಶುರು ಮಾಡಿರುತ್ತದೆ, ಹತ್ತು ನಿಮಿಷಕ್ಕೆ ಕುಡಿದು ಮುಗಿಸುತ್ತದೆ. ತಾಯಿಯ ಎದೆಯೂ ಮೊದಲಿನ ಹಾಗೆ ಗಟ್ಟಿಯಾಗಿ ಕಟ್ಟುವುದಿಲ್ಲ. ಉತ್ಪತ್ತಿ ಮಗುವಿನ ಲೆಕ್ಕಕ್ಕೆ ಹೊಂದಿಕೊಂಡಿದೆ ಅಂತ ಅದರ ಅರ್ಥ. ಹೊಸ ಮನೆಯ ಹಿರಿಯರಿಗೆ ಕಾಣುವುದು ಬೇರೆ: "ಅಲ್ಲಿ ಚೆನ್ನಾಗಿತ್ತು, ಇಲ್ಲಿ ಬಂದ ಮೇಲೆ ಹಾಲು ಬತ್ತಿಹೋಯ್ತು, ದೃಷ್ಟಿ."

ನಿಮ್ಮ ವೇಳಾಪಟ್ಟಿಯೂ ಇಲ್ಲೇ ಸೋರುತ್ತದೆ. ಆಸ್ಪತ್ರೆ ಹೆರಿಗೆಯಾದರೆ ಆಶಾ ಭೇಟಿ 3, 7, 14, 21, 28, 42ನೇ ದಿನ. ಆಮೇಲಿನದು ಮೂರನೇ ತಿಂಗಳು. ನಡುವೆ ಮಗುವಿನ ವಿಳಾಸವೇ ಬದಲಾಗಿರುತ್ತದೆ. ತವರಿನ ಆಶಾ 42ನೇ ದಿನದ ಭೇಟಿಯಲ್ಲಿ ಯಾವ ತಿಂಗಳು ಹೊರಡುತ್ತೀರಿ, ಯಾವ ಏರಿಯಾಕ್ಕೆ ಅಂತ ಕೇಳಿ ತಾಯಿ ಕಾರ್ಡಿನಲ್ಲೇ ಬರೆದು, ಆ ಕಡೆಯ ಕಾರ್ಯಕರ್ತೆಗೆ ಒಂದು ಫೋನ್ ಮಾಡಲಿ. ಇಡೀ ತರಬೇತಿಯಿಂದ ಒಂದೇ ಅಭ್ಯಾಸ ಉಳಿಯುವುದಾದರೆ ಇದು ಉಳಿಯಲಿ.

ಅಜ್ಜಿಯ ಹತ್ತಿರ "ಬೇಡ" ಪಟ್ಟಿ ಓದಬೇಡಿ, ಕೆಲಸ ಕೊಡಿ. ಒದ್ದೆ ಬಟ್ಟೆ ಎಣಿಸುವ ಕೆಲಸ ಅವರದ್ದು. ಐದನೇ ದಿನ ದಾಟಿದ ಮೇಲೆ 24 ಗಂಟೆಗೆ 6 ಅಥವಾ ಹೆಚ್ಚು ಸಲ ಒದ್ದೆ ಮಾಡಿದರೆ, ಮೂತ್ರ ತಿಳಿಯಾಗಿದ್ದರೆ, ಹಾಲು ಒಳಗೆ ಹೋಗುತ್ತಿದೆ. ಜೊತೆಗೆ ತೂಕ: ಹುಟ್ಟಿದ ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಸಹಜ, ಎರಡು ವಾರದೊಳಗೆ ಹುಟ್ಟಿದಾಗಿನ ತೂಕಕ್ಕೆ ಬರಬೇಕು, ಆಮೇಲೆ ಮೊದಲ ತಿಂಗಳುಗಳಲ್ಲಿ ವಾರಕ್ಕೆ ಕನಿಷ್ಠ 125 ಗ್ರಾಂ ಏರಬೇಕು. ಅಳು ಅಳತೆಯಲ್ಲ. ಸಂಜೆ ಹೊತ್ತು ಅರ್ಧರ್ಧ ಗಂಟೆಗೆ ಎದೆಗೆ ಬರುವುದು ಎಳೇ ಮಕ್ಕಳ ಸ್ವಭಾವ.

ಬಾಣಂತಿ ಪಥ್ಯದಲ್ಲಿ ಜಗಳ ಆಡಬೇಕಾದ ಜಾಗ ಒಂದೇ: ನೀರು ಕಡಿಮೆ ಕೊಡುವುದು. "ನೀರು ಕುಡಿದರೆ ಹೊಟ್ಟೆ ಬರುತ್ತೆ" ಅಂತ ಲೋಟ ಎಣಿಸಿ ಕೊಡುತ್ತಾರೆ. ಬಾಯಾರಿದಷ್ಟು ಕುಡಿಯಬೇಕು, ಬಿಸಿನೀರು, ಜೀರಿಗೆ ನೀರು ಯಾವುದಾದರೂ ಸರಿ. ಮೆಂತ್ಯ, ಬೆಳ್ಳುಳ್ಳಿ, ಸಬ್ಬಸಿಗೆ, ಅಂಟಿನುಂಡೆ ಇವುಗಳ ತಂಟೆಗೆ ಹೋಗಬೇಡಿ, ಅವು ಊಟಕ್ಕೆ ಸೇರಲಿ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ ಸುಮಾರು 600 ಕ್ಯಾಲೊರಿ ಹೆಚ್ಚಿಗೆ ಬೇಕು. ಬರೀ ಸಾರನ್ನ, ಮೆಣಸಿನ ಪುಡಿಯಲ್ಲಿ ಅದು ಬರುವುದಿಲ್ಲ. ಬೇಳೆ, ಮೊಟ್ಟೆ, ಕಡಲೆಬೀಜ, ಯಾವ ಮನೆಯಲ್ಲಿ ಏನು ತಿನ್ನುತ್ತಾರೋ ಅದು.

ಶಾಸ್ತ್ರದ ಮಾತು. ಜಾತಕರ್ಮದಲ್ಲಿ ಜೇನು–ತುಪ್ಪ, ಮುಸ್ಲಿಂ ಮನೆಯಲ್ಲಿ ತಹನೀಕ್, ಅಂದರೆ ಹುಟ್ಟಿದ ಮಗುವಿನ ಬಾಯಿಗೆ ಖರ್ಜೂರವನ್ನೋ ಜೇನನ್ನೋ ಸವರುವುದು. ಶಾಸ್ತ್ರ ಬಿಡಿ ಅಂದರೆ ಮುಂದಿನ ಭೇಟಿಗೆ ಬಾಗಿಲು ತೆಗೆಯುವುದಿಲ್ಲ. ಒಂದು ವರ್ಷದೊಳಗೆ ಜೇನು ಯಾಕೆ ಬೇಡ ಅಂತ ಕಾರಣ ಹೇಳಿ: ಅದರಲ್ಲಿ ಬಾಟುಲಿಸಂ ಎಂಬ, ಸ್ನಾಯುಗಳು ಸೋಲುವ ಕಾಯಿಲೆ ಬರಿಸುವ ಬ್ಯಾಕ್ಟೀರಿಯಾದ ಬೀಜಕಗಳಿರಬಹುದು, ಎಳೆಗರುಳು ತಡೆಯುವುದಿಲ್ಲ. ಕುದಿಸಿ ತೆಗೆದ ಉಂಗುರವನ್ನು ತಾಯಿಯ ಗಿಣ್ಣು ಹಾಲಿಗೇ (ಮೊದಲ ಹಾಲು) ಅದ್ದಿ ತುಟಿಗೆ ಮುಟ್ಟಿಸಬಹುದು ಅಂದರೆ ಬಹಳಷ್ಟು ಮನೆಯವರು ಒಪ್ಪುತ್ತಾರೆ.


ಪೀಣ್ಯ_ಎರಡನೇಹಂತ:

ಮೇಲಿನದ್ದು ಸರಿ, ಆದರೆ ಮನೆಯ ಹಿರಿಯರಿಗೆ ಕೊಟ್ಟಷ್ಟು ಜಾಗ ಹಾಜರಿ ಪುಸ್ತಕಕ್ಕೂ ಕೊಡಬೇಕು. ಗಾರ್ಮೆಂಟ್ಸ್ ತಾಯಿಗೆ ಎದೆಹಾಲು ರಜೆಯ ಲೆಕ್ಕ. ಐಟಿ ತಾಯಿಗೂ ಅದೇ, ಸೀರೆ ಬೇರೆ.

1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲೆರಡು ಮಕ್ಕಳಿಗೆ 26 ವಾರ, ಮೂರನೆಯದಕ್ಕೆ 12 ವಾರ. ಹೆರಿಗೆಗೆ ಮೊದಲೇ 8 ವಾರದವರೆಗೆ ತೆಗೆದುಕೊಳ್ಳಬಹುದು. ಈಗ ಕಳೆಯಿರಿ. ಎಂಟೂ ವಾರ ಮೊದಲೇ ಹೋದರೆ ಹೆರಿಗೆಯ ನಂತರ ಉಳಿಯುವುದು 18 ವಾರ, ಮಗುವಿಗೆ ಆಗ ನಾಲ್ಕು ತಿಂಗಳು ಚಿಲ್ಲರೆ. ಎರಡೇ ವಾರ ಮೊದಲು ಹೋದರೆ 24 ವಾರ ಉಳಿಯುತ್ತದೆ, ಐದೂವರೆ ತಿಂಗಳು. "ಆರು ತಿಂಗಳು ಎದೆಹಾಲು ಮಾತ್ರ" ಅನ್ನುವ ಚಾರ್ಟು ರಜೆಯೊಳಗೆ ಮುಗಿಯುವುದು 26 ವಾರವನ್ನೂ ಹೆರಿಗೆಯ ನಂತರಕ್ಕೇ ಉಳಿಸಿಕೊಂಡರೆ ಮಾತ್ರ. ಈ ಕಳೆಯುವ ಲೆಕ್ಕವನ್ನು ಬಸುರಿಗೆ ಏಳನೇ ತಿಂಗಳಲ್ಲೇ ಕೂತು ಮಾಡಿಸಿ. ಬಿಪಿ, ರಕ್ತಹೀನತೆ ಅಂತ ಡಾಕ್ಟರ್ ವಿಶ್ರಾಂತಿ ಹೇಳಿದ್ದರೆ ಆ ಮಾತೇ ಮೇಲು.

ವಠಾರದವರಿಗೆ ಸಾಮಾನ್ಯವಾಗಿ ಇಎಸ್‌ಐ (ನೌಕರರ ರಾಜ್ಯ ವಿಮೆ). ಅಲ್ಲೂ 26 ವಾರ, ದಿನದ ಸರಾಸರಿ ಕೂಲಿ ಪೂರ್ತಿ. ಆದರೆ ಹಿಂದಿನ ಎರಡು ವಂತಿಗೆ ಅವಧಿಗಳಲ್ಲಿ ಸೇರಿ ಕನಿಷ್ಠ 70 ದಿನದ ವಂತಿಗೆ ಕಟ್ಟಿರಬೇಕು. ಅವಧಿ ಅಂದರೆ ಏಪ್ರಿಲ್–ಸೆಪ್ಟೆಂಬರ್, ಅಕ್ಟೋಬರ್–ಮಾರ್ಚ್. ಎಡವುವುದು ಇಲ್ಲಿ: ಫ್ಯಾಕ್ಟರಿ ಬದಲಿಸಿದಾಗ ಹಳೇ ಇಎಸ್‌ಐ ನಂಬರ್ ಕೊಡದೆ ಹೊಸದು ಮಾಡಿಸಿಕೊಳ್ಳುತ್ತಾರೆ, ಹಳೆಯ ದಿನಗಳು ಲೆಕ್ಕಕ್ಕೆ ಸಿಗುವುದಿಲ್ಲ. ಒಬ್ಬರಿಗೆ ಒಂದೇ ನಂಬರ್, ಜೀವನಪೂರ್ತಿ. ಕಾರ್ಡಿನ ಫೋಟೊ ಮೊಬೈಲಲ್ಲಿ ಇಟ್ಟುಕೊಳ್ಳಲು ಹೇಳಿ.

50 ಅಥವಾ ಹೆಚ್ಚು ನೌಕರರಿರುವ ಕಡೆ ಶಿಶುಪಾಲನಾ ಕೇಂದ್ರ ಕಡ್ಡಾಯ, ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಲು ಬಿಡಬೇಕು. ಮಗುವಿಗೆ 15 ತಿಂಗಳು ಆಗುವವರೆಗೆ ಮಾಮೂಲಿ ವಿರಾಮದ ಜೊತೆಗೆ ಹಾಲೂಡಿಸಲು ಎರಡು ಬಿಡುವು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಇವೇ ಅಂಶಗಳಿವೆ. ಕಾಗದದಲ್ಲಿ ಇಷ್ಟಿದ್ದರೂ ಲೈನಿನಲ್ಲಿ ಟಾರ್ಗೆಟ್ ಇರುತ್ತದೆ, ಒಬ್ಬಳು ಎದ್ದರೆ ಪಕ್ಕದವಳ ಮುಂದೆ ಪೀಸ್ ಗುಡ್ಡೆ ಬೀಳುತ್ತದೆ, ಸೂಪರ್‌ವೈಸರ್ ಬೈಯುವುದು ಇಬ್ಬರಿಗೂ. ಅದಕ್ಕೆ ಬಾಯಿಮಾತಲ್ಲಿ ಕೇಳಿಕೊಳ್ಳುವುದಕ್ಕಿಂತ, ಕೆಲಸಕ್ಕೆ ಮರಳುವ ಹದಿನೈದು ದಿನ ಮೊದಲೇ ಎಷ್ಟು ಹೊತ್ತಿಗೆ ಎರಡು ಬಿಡುವು ಅಂತ ಬರೆದು ಎಚ್‌ಆರ್‌ಗೆ ಕೊಟ್ಟು ಸ್ವೀಕೃತಿ ಪಡೆಯುವುದು ವಾಸಿ.

ಶೆಡ್ಡಿನ ತಾಯಿಗೆ ಇದ್ಯಾವುದೂ ಸಾಮಾನ್ಯವಾಗಿ ಕೈಗೆ ಸಿಗುವುದಿಲ್ಲ. ರಜೆಯಿಲ್ಲ, ಬಾಣಂತನ ಮಾಡುವವರಿಲ್ಲ. ಆದರೆ ಮಗು ಸೈಟಿನಲ್ಲೇ ಸೀರೆಯ ಜೋಳಿಗೆಯಲ್ಲಿರುತ್ತದೆ, ಹಾಗಾಗಿ ಎದೆಹಾಲು ವರ್ಷಗಟ್ಟಲೆ ನಡೆಯುತ್ತದೆ. ಅಲ್ಲಿನ ತೊಂದರೆ ಎರಡು. ತಾಯಿಗೇ ಊಟ ಸಾಲದು, ಮತ್ತು ಆರು ತಿಂಗಳ ಮೇಲೂ ಬೇರೆ ಆಹಾರ ಶುರುವಾಗುವುದಿಲ್ಲ, ಅಥವಾ ನೋಡಿಕೊಳ್ಳುವ ಆರು ವರ್ಷದ ಅಕ್ಕ ಎರಡನೇ ತಿಂಗಳಿಗೇ ಟೀ ಕುಡಿಸುತ್ತಾಳೆ. ಅವರಿಗೆ ಎದೆಹಾಲಿನ ಮಹತ್ವದ ಭಾಷಣ ಬೇಡ. ಅಂಗನವಾಡಿಯ ಮಾತೃಪೂರ್ಣ ಬಿಸಿಯೂಟಕ್ಕೆ ಹೆಸರು ಸೇರಿಸಿ. ಊರಲ್ಲಿ ಮಾಡಿಸಿದ ತಾಯಿ ಕಾರ್ಡ್ ಇದ್ದರೆ ಅದನ್ನೇ ತರಲು ಹೇಳಿ. ಕಬ್ಬಿಣದ ಮಾತ್ರೆ ಹೆರಿಗೆಯ ನಂತರವೂ ದಿನಕ್ಕೊಂದರಂತೆ 180 ದಿನ ನಡೆಯಬೇಕು. ಊರಿಂದ ಬರುವಾಗ ಹೆಚ್ಚಾಗಿ ತುಂಡಾಗುವುದು ಇದೇ.


ಒಳಲೆ:

ಎದೆಹಾಲು ಹಿಂಡಿ ಇಡುವ ವಿಷಯ ಯಾರೂ ಹೇಳಲಿಲ್ಲ. ನಾಲ್ಕೂ ಮನೆಗೆ ಬೇಕಾಗುವುದು ಇದೇ, ಆದರೆ ವಿಧಾನ ಒಂದೇ ಅಲ್ಲ. ಫ್ರಿಜ್ ಇದೆಯಾ ಇಲ್ಲವಾ ಅನ್ನುವುದರ ಮೇಲೆ ನಿಂತಿದೆ.

ಪಂಪ್ ಬೇಕೇ ಬೇಕು ಅಂತಿಲ್ಲ. ಕೈ ಸೋಪಿನಲ್ಲಿ ತೊಳೆದು, ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ತೊಟ್ಟಿನಿಂದ ಸುಮಾರು 3 ಸೆಂ.ಮೀ. ಹಿಂದೆ ಇಟ್ಟು, ಮೊದಲು ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳು ಒಂದಕ್ಕೊಂದು ಅಮುಕಿ, ಬಿಡುವುದು. ಬೆರಳು ಚರ್ಮದ ಮೇಲೆ ಜಾರಬಾರದು, ತೊಟ್ಟನ್ನೇ ಹಿಂಡಬಾರದು, ಹಿಂಡಿದರೆ ನೋವು ಬರುತ್ತದೆ ಹೊರತು ಹಾಲು ಬರುವುದಿಲ್ಲ. ಮೊದಲ ಒಂದೆರಡು ನಿಮಿಷ ಹನಿ ಮಾತ್ರ, ಹಾಲು ಇಳಿದ ಮೇಲೆ ಚಿಮ್ಮುತ್ತದೆ. ಒಂದೊಂದು ಬದಿ ಐದೈದು ನಿಮಿಷ, ಬದಲಿಸುತ್ತಾ ಒಟ್ಟು 20–30 ನಿಮಿಷ. ಕುದಿಸಿದ, ಮುಚ್ಚಳವಿರುವ ಸ್ಟೀಲ್ ಡಬ್ಬಿ ಸಾಕು.

ಕೋಣೆಯ ಶಾಖ 25 ಡಿಗ್ರಿ ಒಳಗಿದ್ದರೆ 4 ಗಂಟೆ, ಫ್ರಿಜ್ಜಿನ ಒಳಮೂಲೆಯಲ್ಲಿ 4 ದಿನ (ಬಾಗಿಲಲ್ಲಿ ಇಡಬಾರದು), ಫ್ರೀಜರ್‌ನಲ್ಲಾದರೆ ಆರು ತಿಂಗಳೊಳಗೆ ಬಳಸುವುದು ಉತ್ತಮ. ಕರಗಿಸಿದ್ದು ಫ್ರಿಜ್‌ನಲ್ಲಿ 24 ಗಂಟೆ, ಮತ್ತೆ ಫ್ರೀಜ್ ಮಾಡುವ ಹಾಗಿಲ್ಲ. ಬೆಚ್ಚಗೆ ಮಾಡಲು ಬಿಸಿನೀರಿನ ಪಾತ್ರೆಯಲ್ಲಿ ಡಬ್ಬಿ ಇಡಿ. ಒಲೆ, ಮೈಕ್ರೋವೇವ್ ಬೇಡ. ಬೆಂಗಳೂರು ತಂಪು ಊರು ಅನ್ನುವ ನಂಬಿಕೆಯಲ್ಲಿ ತಗಡಿನ ಶೆಡ್ಡಿಗೆ ಈ 4 ಗಂಟೆ ಹೇಳಬೇಡಿ. ಏಪ್ರಿಲ್ ಮಧ್ಯಾಹ್ನ ಅಲ್ಲಿ ಹಿಂಡಿದ್ದನ್ನು ಮುಂದಿನ ಒಂದು ಹೊತ್ತಿಗೇ ಮುಗಿಸಬೇಕು.

ಫ್ಯಾಕ್ಟರಿ ತಾಯಿ ಬೆಳಿಗ್ಗೆ 8ಕ್ಕೆ ಹೊರಟು ಸಂಜೆ 7ಕ್ಕೆ ಬಂದರೆ 11 ಗಂಟೆ. ಗಂಟೆಗೆ ಸುಮಾರು 30 ಮಿ.ಲೀ. ಲೆಕ್ಕ ಹಾಕಿದರೆ 330 ಮಿ.ಲೀ., ಅಂದರೆ 110ರ ಮೂರು ಹೊತ್ತು. ಫ್ರಿಜ್ ಇಲ್ಲದ ವಠಾರದಲ್ಲಿ ಬೆಳಿಗ್ಗೆ ಹಿಂಡಿದ್ದು ಮಧ್ಯಾಹ್ನದವರೆಗೆ ಮಾತ್ರ. ಹಾಗಾಗಿ ಮಧ್ಯಾಹ್ನದ ಹೊತ್ತಿಗೆ ಫ್ಯಾಕ್ಟರಿಯ ಶಿಶುಪಾಲನಾ ಕೇಂದ್ರ, ಅಥವಾ ಊಟದ ಬಿಡುವಿನಲ್ಲಿ ಯಾರಾದರೂ ಮಗುವನ್ನು ಗೇಟಿಗೆ ತರುವುದು, ಅಥವಾ ಪಕ್ಕದ ಮನೆಯವರ ಫ್ರಿಜ್. ಮೂರನೆಯದನ್ನು ಹೇಳಲು ಸಂಕೋಚ ಪಡುತ್ತಾರೆ, ನೀವೇ ಕೇಳಿಸಿ. ಕೆಲಸದ ಹೊತ್ತಿನಲ್ಲಿ ಒಂದು ಸಲವಾದರೂ ಹಿಂಡಲೇಬೇಕು, ಚೆಲ್ಲುವುದಾದರೂ ಸರಿ. ಇಲ್ಲದಿದ್ದರೆ ಮೂರನೇ ದಿನಕ್ಕೆ ಎದೆ ಕಟ್ಟಿ ಕೆಂಪಾಗಿ ಚಳಿಜ್ವರ, ಅದಾಗದಿದ್ದರೆ ಉತ್ಪತ್ತಿ ಇಳಿಕೆ.

ಮರಳುವುದಕ್ಕೆ ಮೂರು ವಾರ ಮೊದಲೇ ದಿನಕ್ಕೊಂದು ಸಲ ಹಿಂಡುವ ಅಭ್ಯಾಸ, ಎರಡು ವಾರ ಮೊದಲು ಒಳಲೆಯಲ್ಲಿ (ಮೂತಿಯಿರುವ ಪುಟ್ಟ ಬಟ್ಟಲು) ಕುಡಿಸುವ ಅಭ್ಯಾಸ. ಕುಡಿಸುವವರು ಬೇರೆಯವರಿರಬೇಕು, ತಾಯಿ ಆ ಕೋಣೆಯಲ್ಲಿರಬಾರದು, ವಾಸನೆಗೇ ಮಗು ಹಟ ಹಿಡಿಯುತ್ತದೆ. ಮಗುವನ್ನು ಕೂತ ಹಾಗೆ ಒರಗಿಸಿ, ಒಳಲೆಯ ಮೂತಿ ಕೆಳತುಟಿಯ ಅಂಚಿಗೆ, ಸುರಿಯದೆ ಸ್ವಲ್ಪ ಸ್ವಲ್ಪವೇ ಬಾಗಿಸುತ್ತಾ. ಬಾಟಲಿಯ ನಿಪ್ಪಲ್‌ನ ಮೂಲೆಗಳು ತೊಳೆಯಲು ಕಷ್ಟ, ಭೇದಿ ಬರುವ ದಾರಿ ಅದೇ. ಒಳಲೆ ಇಡೀ ಬಾಯಿ ತೆರೆದ ಪಾತ್ರೆ, ಕುದಿಸಿದರೆ ಆಯಿತು. ಅಜ್ಜಿಯರಿಗೆ ಇದು ಗೊತ್ತಿರುವ ಸಾಮಾನು. "ಸರಿ, ನಿಮ್ಮ ಕಾಲದ್ದೇ ತನ್ನಿ" ಅಂದರೆ ಅರ್ಧ ಕೆಲಸ ಆಯಿತು.


ತಾಯಿಕಾರ್ಡ್_ಬೇಗೂರು:

ತುಂಬಾ ಉಪಯೋಗವಾಯಿತು. 42ನೇ ದಿನದ ಫೋನ್ ಮತ್ತು ರಜೆ ಕಳೆಯುವ ಲೆಕ್ಕ ಎರಡನ್ನೂ ತರಬೇತಿಯ ಚಟುವಟಿಕೆಯಾಗಿ ಹಾಕುತ್ತಿದ್ದೇವೆ. ಉಳಿದದ್ದು ಎರಡು. ಅಪಾರ್ಟ್‌ಮೆಂಟಿನಲ್ಲಿ ಆಶಾ ಹೇಳುವುದನ್ನು ಕೇಳುವವರೇ ಇಲ್ಲ, ಆಗಲೇ ಡಬ್ಬಿ ಶುರುವಾಗಿರುತ್ತದೆ. ಅಲ್ಲಿ ಏನು ಹೇಳಿಕೊಡಬೇಕು? ಇನ್ನು ಸುತ್ತು ಖಾರ. ಬಜೆ, ಜಾಯಿಕಾಯಿ, ಅಳಲೆಕಾಯಿ ತೇಯ್ದು ನೆಕ್ಕಿಸುವುದನ್ನು ಯಾವ ಜಾತಿ, ಯಾವ ಅಂತಸ್ತಿನವರೂ ಬಿಟ್ಟಿಲ್ಲ.


ಒಳಲೆ:

ಸುತ್ತು ಖಾರ ಮೊದಲು. ಜಾಯಿಕಾಯಿ ಮಂಪರು ತರುತ್ತದೆ, ಮಂಪರಿನ ಮಗು ಒಂದು ಹೊತ್ತು ಕುಡಿಯದೆ ಮಲಗುತ್ತದೆ, ಮನೆಯವರಿಗೆ "ಎಷ್ಟು ಚೆನ್ನಾಗಿ ಮಲಗಿತು" ಅನ್ನಿಸುತ್ತದೆ. ಅಳತೆಯಿಲ್ಲ, ತೇಯುವ ಕಲ್ಲು ಒದ್ದೆಯಾಗೇ ಇರುತ್ತದೆ. ಗ್ರೈಪ್ ವಾಟರಿಗೂ ಇದೇ ಉತ್ತರ: ಆರು ತಿಂಗಳೊಳಗೆ ಬಾಯಿಗೆ ಬೇಡ. ಹೊಟ್ಟೆ ಉಬ್ಬರ ಅನ್ನುವವರಿಗೆ ಭುಜದ ಮೇಲೆ ನೆಟ್ಟಗೆ ಹಾಕಿಕೊಂಡು 10 ನಿಮಿಷ ಬೆನ್ನು ಸವರಿ ತೇಗಿಸುವುದನ್ನು ತೋರಿಸಿ. ಎದೆ ಹಿಡಿದಿರುವ ರೀತಿಯನ್ನೂ ನೋಡಿ. ಬಾಯಿ ಅಗಲ ತೆರೆದು, ಕೆಳತುಟಿ ಹೊರಗೆ ಮಡಚಿ, ಗಲ್ಲ ಎದೆಗೆ ತಾಗಿ, ತೊಟ್ಟಿನ ಸುತ್ತಲ ಕಪ್ಪು ಭಾಗ ಮಗುವಿನ ಮೇಲ್ದುಟಿಯ ಮೇಲೆ ಹೆಚ್ಚು, ಕೆಳಗೆ ಕಡಿಮೆ ಕಾಣಬೇಕು. ಬರೀ ತೊಟ್ಟು ಚೀಪಿದರೆ ಗಾಳಿಯೂ ಹೋಗುತ್ತದೆ, ತೊಟ್ಟೂ ಬಿರಿಯುತ್ತದೆ.

ಅಪಾರ್ಟ್‌ಮೆಂಟಿನಲ್ಲಿ ಮಾಹಿತಿ ಕಡಿಮೆಯಾಗಿಲ್ಲ, ಜಾಸ್ತಿಯಾಗಿದೆ. ಆ್ಯಪ್‌ನಲ್ಲಿ ನಿಮಿಷ ಬರೆಯುತ್ತಾರೆ, ಪಂಪಿನಲ್ಲಿ 40 ಮಿ.ಲೀ. ಬಂತು ಅಂತ ಹೆದರುತ್ತಾರೆ. ಮಗು ಚೀಪಿ ತೆಗೆಯುವಷ್ಟನ್ನು ಪಂಪ್ ತೆಗೆಯುವುದಿಲ್ಲ, ಪಂಪಿನ ಅಳತೆ ಉತ್ಪತ್ತಿಯ ಅಳತೆಯಲ್ಲ. ಸಿಸೇರಿಯನ್ ಆದವರಲ್ಲಿ ಹಾಲು ತುಂಬಲು ಒಂದೆರಡು ದಿನ ತಡವಾಗಬಹುದು, ಆ ಸಂದಿಯಲ್ಲೇ ಡಬ್ಬಿ ಒಳಗೆ ಬರುವುದು. ಮೊದಲ ದಿನ ಮಗುವಿನ ಹೊಟ್ಟೆಗೆ ಒಂದು ಸಲಕ್ಕೆ 5–7 ಮಿ.ಲೀ. ಸಾಕು, ಒಂದು ಚಮಚ ಚಿಲ್ಲರೆ. ಮತ್ತೆ, ಆಸ್ಪತ್ರೆಯಿಂದ ಹೊರಡುವಾಗ ಡಬ್ಬಿಯ ಸ್ಯಾಂಪಲ್ ಕೈಗಿಡುವುದು 1992ರ ಶಿಶು ಹಾಲಿನ ಬದಲಿಗಳ ಕಾಯಿದೆಯ ಪ್ರಕಾರ ಅಪರಾಧ, 2003ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದಾರೆ. ಇದು ಓದಿದವರಿಗೂ ಗೊತ್ತಿಲ್ಲ.

ಈಗಾಗಲೇ ಡಬ್ಬಿ ಶುರುವಾಗಿದ್ದರೆ ತಾಯಿಯನ್ನು ಅಪರಾಧಿ ಸ್ಥಾನದಲ್ಲಿ ನಿಲ್ಲಿಸಬೇಡಿ. ವಾಪಸ್ ಬರಬೇಕೆಂದರೆ: ಎರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಮೊದಲು ಎರಡೂ ಎದೆ, ಆಮೇಲೆ ಡಬ್ಬಿ. ದಿನಕ್ಕೆ ಒಟ್ಟು 50 ಮಿ.ಲೀ.ಯಂತೆ ಡಬ್ಬಿಯ ಪಾಲು ಇಳಿಸುತ್ತಾ ಹೋಗುವುದು, ವಾರದ ತೂಕ 125 ಗ್ರಾಂ ಏರದಿದ್ದರೆ ಇಳಿಸುವುದನ್ನು ನಿಲ್ಲಿಸಿ ಮಕ್ಕಳ ಡಾಕ್ಟರಿಗೆ ತೋರಿಸುವುದು. ಥೈರಾಯ್ಡ್ ತೊಂದರೆ, ಎದೆಯ ಹಳೇ ಶಸ್ತ್ರಚಿಕಿತ್ಸೆ ಇದ್ದವರಲ್ಲಿ ನಿಜವಾಗಿಯೂ ಹಾಲು ಕಡಿಮೆ ಇರಬಹುದು.

ಡಬ್ಬಿಯೇ ಮುಂದುವರಿಯುವ ಮನೆಯಲ್ಲಿ ಅದನ್ನಾದರೂ ಸರಿಯಾಗಿ ಮಾಡಲಿ. ಕುದಿಸಿದ ನೀರು 70 ಡಿಗ್ರಿಗಿಂತ ಕಡಿಮೆ ಆಗುವ ಮೊದಲು, ಅಂದರೆ ಅರ್ಧ ಗಂಟೆಯೊಳಗೆ, ಪುಡಿ ಬೆರೆಸಿ, ಆಮೇಲೆ ಉಗುರುಬೆಚ್ಚಗೆ ಆರಿಸುವುದು. ಪುಡಿಯಲ್ಲೇ ಕ್ರಿಮಿ ಇರಬಹುದಾದ್ದರಿಂದ ಈ ಶಾಖ. ಡಬ್ಬಿಯ ಮೇಲೆ ಬರೆದ ಅಳತೆ, ಗೀರಿ ಸಮ ಮಾಡಿದ ಚಮಚ. ಎರಡು ಗಂಟೆಯಲ್ಲಿ ಮುಗಿಯದಿದ್ದರೆ ಚೆಲ್ಲಬೇಕು. ವಠಾರದಲ್ಲಿ ಇನ್ನೊಂದು ಲೆಕ್ಕ ತೋರಿಸಿ. 400 ಗ್ರಾಂ ಡಬ್ಬಿಯಲ್ಲಿ ಹೆಚ್ಚೆಂದರೆ 3 ಲೀಟರ್ ಹಾಲಾಗುತ್ತದೆ, ದಿನಕ್ಕೆ 700 ಮಿ.ಲೀ. ಕುಡಿಯುವ ಮಗುವಿಗೆ ಅದು ನಾಲ್ಕು ದಿನ. ಹತ್ತಿರದ ಮೆಡಿಕಲ್ ಸ್ಟೋರಿನ ಬೆಲೆಯನ್ನು 7ರಿಂದ ಗುಣಿಸಿದರೆ ತಿಂಗಳ ಖರ್ಚು. ಡಬ್ಬಿ ಎಂಟು ದಿನ ಬಂತು ಅಂತ ಯಾರಾದರೂ ಹೇಳಿದರೆ, ಎದೆಹಾಲೂ ಕೊಡುತ್ತಿದ್ದಾರಾ ಕೇಳಿ. ಇಲ್ಲ ಅಂದರೆ ಪುಡಿ ಅರ್ಧ, ನೀರು ಪೂರ್ತಿ ಅಂತ ಅರ್ಥ. ಅಂಥ ಮಗುವನ್ನು ಅವತ್ತೇ ತೂಕಕ್ಕೆ ಹಾಕಿ.


ಸಬ್ಬಸಿಗೆಸೊಪ್ಪು:

ಒಂದು ಸೇರ್ಪಡೆ. ಅವಧಿಗೆ ಮೊದಲು ಹುಟ್ಟಿ ಎನ್‌ಐಸಿಯುನಲ್ಲಿರುವ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ಮಗುವಿಗೆ ತಾಯಿಯ ಹಾಲು ಇನ್ನೂ ಬಂದಿಲ್ಲದಿದ್ದರೆ ಡಬ್ಬಿಗಿಂತ ಮೊದಲು ದಾನಿ ಹಾಲು ಕೇಳಬೇಕು. ವಾಣಿವಿಲಾಸ ಆಸ್ಪತ್ರೆಯಲ್ಲಿ ಎದೆಹಾಲಿನ ಬ್ಯಾಂಕ್ ಇದೆ. ದಾನಿಯ ರಕ್ತ ಪರೀಕ್ಷಿಸಿ, ಹಾಲನ್ನು 62.5 ಡಿಗ್ರಿಯಲ್ಲಿ 30 ನಿಮಿಷ ಪಾಶ್ಚರೀಕರಿಸಿದ ಮೇಲೆ ಕೊಡುವುದು ಇಂಥ ಬ್ಯಾಂಕುಗಳ ಕ್ರಮ. ಕೂಡುಕುಟುಂಬಗಳಲ್ಲಿ "ಇನ್ನೊಬ್ಬರ ಎದೆಹಾಲಾ?" ಅಂತ ಹಿಂಜರಿಯುತ್ತಾರೆ, ಮುಸ್ಲಿಂ ಮನೆಗಳಲ್ಲಿ ಹಾಲಿನಿಂದ ಬರುವ ಒಡಹುಟ್ಟಿನ ಸಂಬಂಧದ ಪ್ರಶ್ನೆ ಬರುತ್ತದೆ. ಉತ್ತರ ನೀವು ಕೊಡಬೇಡಿ. ಅವರ ಹಿರಿಯರನ್ನೋ ಮೌಲ್ವಿಯನ್ನೋ ಕೇಳಲು ಸಮಯ ಕೊಡಿ. ಅಷ್ಟರಲ್ಲಿ ತಾಯಿ ಮೂರು ಗಂಟೆಗೊಮ್ಮೆ ಕೈಯಿಂದ ಹಿಂಡುತ್ತಿರಲಿ, ಬರುವ ಹನಿಯನ್ನು ಸಿರಿಂಜಿನಲ್ಲಿ ಹಿಡಿದು ನರ್ಸಿಗೆ ಕೊಡಲಿ.